ಯಕೃತ್ತಿನಲ್ಲಿ ಕೀವು ಎಲ್ಲಿಂದ ಬಂತು: ಒಂದು ಪ್ರಕರಣ ಅಧ್ಯಯನ

ಯಕೃತ್ತಿನಲ್ಲಿ ಬ್ಯಾಕ್ಟೀರಿಯಾದಿಂದ ಕೀವುಗಡ್ಡೆಯಾದಾಗ ಮಾಡಬೇಕಾದ ಎರಡು ಕೆಲಸಗಳ ಬಗ್ಗೆ ವೈದ್ಯರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕೀವನ್ನು ಹೊರಗೆ ತೆಗೆಯಬೇಕು ಮತ್ತು ಸೂಕ್ತವಾದ ಆ್ಯಂಟಿಬಯಾಟಿಕ್ ಅನ್ನು ಸಾಕಷ್ಟು ಕಾಲ ಕೊಡಬೇಕು. ಇವೆರಡೂ ನಡೆದು ಜ್ವರ ಇಳಿಯಿತೆಂದರೆ, ಆ ಕೀವು ಯಕೃತ್ತಿಗೆ ಯಾವ ದಾರಿಯಿಂದ ಬಂತು ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆಯಾಗುತ್ತಾರೆ. ರೋಗಿಗೆ ಕಾಮಾಲೆ ಇರುತ್ತದೆಯೇ, ಗಡ್ಡೆ ಒಂದೇ ಇರುತ್ತದೆಯೇ ಹಲವಿರುತ್ತವೆಯೇ, ಯಕೃತ್ತಿನ ಹೊರಗೆ ಯಾವ ಅಂಗ ಅಪಾಯದಲ್ಲಿದೆ, ಗುಣವಾದ ಮೇಲೆ ಇನ್ನೂ ಏನನ್ನು ಹುಡುಕಬೇಕು ಎಂಬ ಎಲ್ಲಕ್ಕೂ ಉತ್ತರ ಆ ಮೂರನೆಯ ಪ್ರಶ್ನೆಯಲ್ಲೇ ಇದೆ. ಅದನ್ನು ತೋರಿಸುವ ಒಂದು ಪ್ರಕರಣವನ್ನು ಇಲ್ಲಿ ದಾಖಲಿಸಿದ್ದೇನೆ. ರೋಗಿಯ ಗುರುತು ಸಿಗಬಹುದಾದ ವಿವರಗಳನ್ನು ಬಿಟ್ಟಿದ್ದೇನೆ ಅಥವಾ ಬದಲಿಸಿದ್ದೇನೆ.

ರೋಗಿ ಬಂದಾಗಿನ ಸ್ಥಿತಿ

ರೋಗಿ ಐವತ್ತು ದಾಟಿದ ಪುರುಷ. ಸುಮಾರು ಹತ್ತು ವರ್ಷಗಳಿಂದ ಮಧುಮೇಹವಿದ್ದು, ಮಾತ್ರೆಗಳನ್ನು ನೆನಪಾದಾಗ ತೆಗೆದುಕೊಳ್ಳುತ್ತಿದ್ದರು. ಮದ್ಯಪಾನದ ಅಭ್ಯಾಸವಿರಲಿಲ್ಲ; ಪಿತ್ತಕೋಶದ ಕಲ್ಲು, ಹೊಟ್ಟೆಯ ಶಸ್ತ್ರಚಿಕಿತ್ಸೆ, ಕಾಮಾಲೆ ಇವುಗಳ ಇತಿಹಾಸವೂ ಇರಲಿಲ್ಲ. ಐದು ದಿನಗಳಿಂದ ನಡುಕದೊಂದಿಗೆ ಬರುವ ಜ್ವರ, ಒಣಕೆಮ್ಮು, ಊಟ ಸೇರದಿರುವುದು ಮತ್ತು ಬಲ ಭುಜದಲ್ಲಿ ಮಂದವಾದ ನೋವು ಅವರ ದೂರುಗಳಾಗಿದ್ದವು. ಹೊಟ್ಟೆ ನೋವಿದೆಯೇ ಎಂದು ಕೇಳಿದರೆ ಇಲ್ಲವೆಂದೇ ಹೇಳುತ್ತಿದ್ದರು.

ಎದೆಯ ಎಕ್ಸ್‌ರೇಯಲ್ಲಿ ಬಲಭಾಗದ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆ) ಸ್ವಲ್ಪ ಮೇಲೆದ್ದಿತ್ತು, ಶ್ವಾಸಕೋಶದ ಬುಡದಲ್ಲಿ ತುಸು ನೀರು ಸೇರಿತ್ತು. ಜ್ವರ, ಕೆಮ್ಮು ಮತ್ತು ಈ ಎಕ್ಸ್‌ರೇ ಮೂರನ್ನೂ ಸೇರಿಸಿ, ಮೊದಲು ನೋಡಿದ ಕಡೆಯಲ್ಲಿ ನ್ಯುಮೋನಿಯಾ ಎಂದು ನಿರ್ಧರಿಸಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಮತ್ತು ಅಜಿಥ್ರೋಮೈಸಿನ್ ಆರಂಭಿಸಲಾಗಿತ್ತು. ಆ ನಿರ್ಧಾರದಲ್ಲಿ ಅಸಹಜವಾದದ್ದೇನೂ ಇಲ್ಲ. ಯಕೃತ್ತಿನ ಮೇಲ್ಭಾಗದಲ್ಲಿ, ವಪೆಗೆ ಹತ್ತಿಕೊಂಡಂತೆ ಕೀವು ಕೂಡಿದಾಗ ಅದು ಹೊಟ್ಟೆಯ ರೋಗಕ್ಕಿಂತ ಎದೆಯ ರೋಗದಂತೆ ಕಾಣುವುದೇ ಹೆಚ್ಚು. ಕೀವುಗಡ್ಡೆಯಾದವರಲ್ಲಿ ಬಲಪಕ್ಕೆಯ ಕೆಳಗೆ ಮುಟ್ಟಿದರೆ ನೋವು, ಹಿಗ್ಗಿದ ಯಕೃತ್ತು ಅಥವಾ ಕಾಮಾಲೆ ಇವುಗಳಲ್ಲಿ ಒಂದಾದರೂ ಕಾಣಿಸುವುದು ಸುಮಾರು ಅರ್ಧದಷ್ಟು ಮಂದಿಯಲ್ಲಿ ಮಾತ್ರ. ಉಳಿದವರಲ್ಲಿ ಬರೀ ಜ್ವರ, ನಿಶ್ಶಕ್ತಿ ಮತ್ತು ತೂಕ ಇಳಿಕೆ ಇರಬಹುದು.

ಮಾತ್ರೆಗಳಿಗೆ ಜ್ವರ ಬಗ್ಗದಿದ್ದಾಗ ರೋಗಿ ನಮ್ಮಲ್ಲಿ ದಾಖಲಾದರು. ಆಗ ದೇಹದ ಉಷ್ಣತೆ 39.2 ಡಿಗ್ರಿ ಸೆಲ್ಸಿಯಸ್, ನಾಡಿ ನಿಮಿಷಕ್ಕೆ 116, ರಕ್ತದೊತ್ತಡ 104/66 ಇತ್ತು. ಹೊಟ್ಟೆ ಮೆತ್ತಗಿತ್ತು. ಆದರೆ ಬಲಗಡೆಯ ಕೆಳಪಕ್ಕೆಲುಬುಗಳ ಮೇಲೆ ಎಡ ಅಂಗೈಯನ್ನಿಟ್ಟು, ಅದರ ಮೇಲೆ ಬಲಮುಷ್ಟಿಯಿಂದ ಹಗುರವಾಗಿ ತಟ್ಟಿದಾಗ ಅವರು ಉಸಿರು ಬಿಗಿಹಿಡಿದು ಪಕ್ಕಕ್ಕೆ ಸರಿದರು. ಎಡಗಡೆ ಅದೇ ರೀತಿ ತಟ್ಟಿದಾಗ ಅಂಥದ್ದೇನೂ ಆಗಲಿಲ್ಲ. ನ್ಯುಮೋನಿಯಾದ ಕಡೆಗಿದ್ದ ಗಮನ ಯಕೃತ್ತಿನ ಕಡೆಗೆ ತಿರುಗಿದ್ದು ಈ ಒಂದು ವ್ಯತ್ಯಾಸದಿಂದ.

ರಕ್ತಪರೀಕ್ಷೆಯಲ್ಲಿ ಬಿಳಿರಕ್ತಕಣಗಳು 17,800, ಪ್ಲೇಟ್‌ಲೆಟ್‌ಗಳು 96,000 ಇದ್ದವು. ಯಕೃತ್ತಿನ ಕಿಣ್ವವಾದ ಆಲ್ಕಲೈನ್ ಫಾಸ್ಫಟೇಸ್ 286ಕ್ಕೆ ಏರಿತ್ತು, ಯಕೃತ್ತು ತಯಾರಿಸುವ ಪ್ರೋಟೀನಾದ ಆಲ್ಬುಮಿನ್ 2.4ಕ್ಕೆ ಇಳಿದಿತ್ತು, ಕಾಮಾಲೆಯಲ್ಲಿ ಏರುವ ಬಿಲಿರುಬಿನ್ ಮಾತ್ರ 1.1ರಲ್ಲಿ ಸಹಜವಾಗಿತ್ತು. ರಕ್ತದ ಸಕ್ಕರೆ 340, ಹಿಂದಿನ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ಮಟ್ಟವನ್ನು ತೋರಿಸುವ ಎಚ್‌ಬಿಎ1ಸಿ 10.8. ಈ ಪಟ್ಟಿಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಏರಿದ ಅಂಕಿಗಳಿಗಿಂತ ಏರದೆ ಉಳಿದ ಬಿಲಿರುಬಿನ್. ಪಿತ್ತನಾಳ ಕಟ್ಟಿಕೊಂಡು ಅದರಿಂದ ಹುಟ್ಟಿದ ಸೋಂಕಾಗಿದ್ದರೆ ಇಷ್ಟು ತೀವ್ರವಾದ ಜ್ವರದ ಜೊತೆಗೆ ಅದು ಸಹಜ ಮಟ್ಟದಲ್ಲಿರುವುದು ಅಪರೂಪ.

ಸ್ಕ್ಯಾನ್ ತಂದ ಗೊಂದಲ

ಅಲ್ಟ್ರಾಸೌಂಡ್ ವರದಿಯಲ್ಲಿ ಯಕೃತ್ತಿನ ಬಲ ಹಾಲೆಯ ಹಿಂಭಾಗದಲ್ಲಿ ಸುಮಾರು 7 ಸೆಂಟಿಮೀಟರ್ ಅಗಲದ, ಬಹುಪಾಲು ಗಟ್ಟಿಯಾಗಿ ಕಾಣುವ ಒಂದು ಗಡ್ಡೆಯಿದೆಯೆಂದೂ, ಅದು ಅರ್ಬುದವಾಗಿರುವ ಸಾಧ್ಯತೆಯನ್ನು ತಳ್ಳಿಹಾಕಬೇಕೆಂದೂ ಬರೆದಿತ್ತು. ಗಡ್ಡೆಯ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿಯ ಮಾತು ಬಂತು. ಮನೆಯವರಿಗೆ ಕ್ಯಾನ್ಸರ್ ಎಂಬ ಪದ ಆಗಲೇ ಕಿವಿಗೆ ಬಿದ್ದಿತ್ತು.

ಕೀವುಗಡ್ಡೆಯೆಂದರೆ ನೀರು ತುಂಬಿದ ಚೀಲದಂತೆ ಕಾಣಬೇಕೆಂಬ ನಿರೀಕ್ಷೆಯೇ ಈ ಗೊಂದಲದ ಮೂಲ. ಕೆಲವು ಬ್ಯಾಕ್ಟೀರಿಯಾಗಳು, ಮುಖ್ಯವಾಗಿ ಕ್ಲೆಬ್ಸಿಯೆಲ್ಲಾ ನ್ಯೂಮೋನಿಯೇ, ಉಂಟುಮಾಡುವ ಗಡ್ಡೆ ಮೊದಲ ದಿನಗಳಲ್ಲಿ ಪೂರ್ತಿಯಾಗಿ ಕರಗಿರುವುದಿಲ್ಲ. ಒಳಗೆ ಅನೇಕ ತೆಳು ಗೋಡೆಗಳಿದ್ದು, ಸತ್ತ ಮತ್ತು ಅರೆಸತ್ತ ಅಂಗಾಂಶಗಳೇ ತುಂಬಿರುತ್ತವೆ. ಹೀಗಾಗಿ ಸ್ಕ್ಯಾನಿನಲ್ಲಿ ಅದು ಅರ್ಬುದದಂತೆ ತೋರುತ್ತದೆ. ಐದು ದಿನಗಳ ನಡುಕದ ಜ್ವರ, ಹತೋಟಿ ತಪ್ಪಿದ ಸಕ್ಕರೆ ಮತ್ತು ಏರಿದ ಬಿಳಿರಕ್ತಕಣಗಳು ಇರುವಾಗ ಇದನ್ನು ಕೀವುಗಡ್ಡೆಯೆಂದೇ ಹಿಡಿದು ಮುಂದುವರಿಯುವುದು, ಬಯಾಪ್ಸಿಯನ್ನು ತಡೆಹಿಡಿಯುವುದು ಎಂದು ತೀರ್ಮಾನಿಸಿ ಕಾಂಟ್ರಾಸ್ಟ್ ಸಿಟಿ ಸ್ಕ್ಯಾನ್ ಮಾಡಿಸಲಾಯಿತು.

ಸಿಟಿಯಲ್ಲಿ ಅಂಚು ಬೆಳಗಿದ, ಒಳಗೆ ಅನೇಕ ಗೋಡೆಗಳಿದ್ದ ಒಂದೇ ಒಂದು ಗಡ್ಡೆ ಕಂಡಿತು. ಪಿತ್ತನಾಳಗಳು ಹಿಗ್ಗಿರಲಿಲ್ಲ, ಪಿತ್ತಕೋಶದಲ್ಲಿ ಕಲ್ಲಿರಲಿಲ್ಲ. ಅಪೆಂಡಿಕ್ಸ್ ಸಹಜವಾಗಿತ್ತು, ಕರುಳಿನ ರಕ್ತವನ್ನು ಯಕೃತ್ತಿಗೆ ತರುವ ಪೋರ್ಟಲ್ ಅಭಿಧಮನಿಯಲ್ಲಿ ರಕ್ತ ಸರಾಗವಾಗಿ ಹರಿಯುತ್ತಿತ್ತು. ಆದರೆ ಗಡ್ಡೆಯ ಪಕ್ಕದಲ್ಲಿದ್ದ ಯಕೃತ್ತಿನ ಅಭಿಧಮನಿಯ ಒಂದು ಕವಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಈ ಕೊನೆಯ ಸಾಲು ವರದಿಯ ಮೂರನೆಯ ಪರಿಚ್ಛೇದದಲ್ಲಿ, ಮೂತ್ರಪಿಂಡದ ಒಂದು ಸಣ್ಣ ನೀರುಗುಳ್ಳೆಯ ವಿವರದ ನಂತರ ಬಂದಿತ್ತು. ಯಕೃತ್ತಿನಿಂದ ಹೃದಯದ ಕಡೆಗೆ ರಕ್ತ ಒಯ್ಯುವ ನಾಳದಲ್ಲಿ ಸೋಂಕು ಸೇರಿದ ಹೆಪ್ಪು ಇದೆಯೆಂದರೆ, ಅಲ್ಲಿಂದ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೂ ಮುಂದೆ ದೇಹದ ಇತರ ಭಾಗಗಳಿಗೂ ಹೋಗಲು ದಾರಿ ತೆರೆದಿದೆ ಎಂದರ್ಥ. ಮುಂದೆ ನಡೆದದ್ದನ್ನು ನೋಡಿದರೆ ವರದಿಯಲ್ಲಿ ಅತಿ ಮುಖ್ಯವಾದ ಸಾಲು ಅದೇ ಆಗಿತ್ತು.

ದಾರಿಗಳು ಮತ್ತು ಅವುಗಳ ಗುರುತುಗಳು

ಈ ಹಂತದಲ್ಲಿ ನಾವು ಮಾಡಿದ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಯಕೃತ್ತಿಗೆ ಬ್ಯಾಕ್ಟೀರಿಯಾ ತಲುಪುವ ದಾರಿಗಳಲ್ಲಿ ಈಗ ಹೆಚ್ಚಾಗಿ ಗುರುತಿಸಲಾಗುವುದು ಪಿತ್ತನಾಳ. ಕಲ್ಲು, ಅರ್ಬುದ, ಕಿರಿದಾದ ನಾಳ ಅಥವಾ ಹಿಂದೆ ಹಾಕಿದ ಸ್ಟೆಂಟಿನಿಂದ ಪಿತ್ತದ ಹರಿವು ನಿಂತಾಗ ಕರುಳಿನ ಬ್ಯಾಕ್ಟೀರಿಯಾ ಮೇಲೇರುತ್ತದೆ. ನಾಳಗಳು ಯಕೃತ್ತಿನ ತುಂಬ ಕವಲೊಡೆದಿರುವುದರಿಂದ ಇಂಥವರಲ್ಲಿ ಅನೇಕ ಸಣ್ಣ ಗಡ್ಡೆಗಳು ಎರಡೂ ಹಾಲೆಗಳಲ್ಲಿ ಕಾಣಿಸುತ್ತವೆ. ಕಾಮಾಲೆ, ಬಲಪಕ್ಕೆಯ ನೋವು ಮತ್ತು ನಡುಕದ ಜ್ವರ ಮೂರೂ ಬೇಗನೆ, ಒಟ್ಟಿಗೆ ಬರುತ್ತವೆ. ಕೀವು ಅಥವಾ ರಕ್ತದಲ್ಲಿನ ಜೀವಿಗಳನ್ನು ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಇ. ಕೋಲೈ, ಎಂಟರೋಕಾಕಸ್, ಕ್ಲೆಬ್ಸಿಯೆಲ್ಲಾ ಹೀಗೆ ಒಂದಕ್ಕಿಂತ ಹೆಚ್ಚು ಜೀವಿಗಳು ಬೆಳೆಯುವುದು ಸಾಮಾನ್ಯ. ಇಲ್ಲಿ ಗಡ್ಡೆಗೆ ಸೂಜಿ ಹಾಕುವುದಕ್ಕಿಂತ ಮೊದಲು ಪಿತ್ತನಾಳದ ತಡೆ ಬಿಡಿಸಬೇಕಾಗುತ್ತದೆ. ಅದಿಲ್ಲದೆ ಕೊಟ್ಟ ಆ್ಯಂಟಿಬಯಾಟಿಕ್ ನಿಂತ ಕೂಡಲೇ ಸೋಂಕು ಮರುಕಳಿಸುತ್ತದೆ.

ಎರಡನೆಯದು ಪೋರ್ಟಲ್ ಅಭಿಧಮನಿ. ಕರುಳಿನ ರಕ್ತವೆಲ್ಲ ಯಕೃತ್ತಿಗೆ ಬರುವುದು ಇದರ ಮೂಲಕ. 1938ರಲ್ಲಿ ಆಕ್ಸ್‌ನರ್, ಡಿಬೇಕಿ ಮತ್ತು ಮರ್ರೆ ಯಕೃತ್ತಿನ ಕೀವುಗಡ್ಡೆಗಳ ಕುರಿತು ಪ್ರಕಟಿಸಿದ ವರದಿಯ ಕಾಲದಲ್ಲಿ ಪ್ರಮುಖ ಕಾರಣ ಅಪೆಂಡಿಕ್ಸಿನ ಉರಿಯೂತವಾಗಿತ್ತು; ರೋಗಿಗಳು ಹೆಚ್ಚಾಗಿ ಯುವಕರು. ಆ್ಯಂಟಿಬಯಾಟಿಕ್‌ಗಳು ಬಂದು, ಅಪೆಂಡಿಕ್ಸಿನ ಶಸ್ತ್ರಚಿಕಿತ್ಸೆ ಸಕಾಲದಲ್ಲಿ ಆಗತೊಡಗಿದ ಮೇಲೆ ಆ ಚಿತ್ರ ಬದಲಾಗಿ, ಪಿತ್ತನಾಳದ ರೋಗವಿರುವ ಹಿರಿಯ ವಯಸ್ಸಿನವರು ಮುಂದೆ ಬಂದರು. ಆದರೂ ಡೈವರ್ಟಿಕ್ಯುಲೈಟಿಸ್ (ಕರುಳಿನ ಗೋಡೆಯಲ್ಲಿ ಮೂಡುವ ಸಣ್ಣ ಚೀಲಗಳ ಉರಿಯೂತ), ಕರುಳಿನ ಉರಿಯೂತ, ದೊಡ್ಡ ಕರುಳಿನ ಕ್ಯಾನ್ಸರ್ ಇವುಗಳಿಂದ ಇಂದಿಗೂ ಸೋಂಕು ಈ ದಾರಿ ಹಿಡಿಯುತ್ತದೆ. ಪೋರ್ಟಲ್ ರಕ್ತದ ಬಹುಪಾಲು ಬಲ ಹಾಲೆಗೆ ಹೋಗುವುದರಿಂದ ಗಡ್ಡೆಯೂ ಬಹುಮಟ್ಟಿಗೆ ಅಲ್ಲೇ ಆಗುತ್ತದೆ. ಕಾಮಾಲೆ ಅಷ್ಟಾಗಿ ಇರುವುದಿಲ್ಲ. ಜ್ವರ ನಿಧಾನವಾಗಿ, ವಾರಗಟ್ಟಲೆ ಎಳೆಯಬಹುದು. ಕೀವಿಗೆ ದುರ್ವಾಸನೆಯಿದ್ದು ಅದರಲ್ಲಿ ಆಮ್ಲಜನಕವಿಲ್ಲದೆ ಬೆಳೆಯುವ ಬ್ಯಾಕ್ಟೀರಿಯಾ ಸಿಕ್ಕರೆ ಕರುಳಿನ ಮೇಲೆ ಸಂಶಯ ಬಲವಾಗುತ್ತದೆ.

ಯಕೃತ್ತಿನ ಅಪಧಮನಿಯ ಮೂಲಕ ಬರುವ ಸೋಂಕಿನ ರೀತಿ ಬೇರೆ. ಹೃದಯದ ಕವಾಟ, ಹಲ್ಲಿನ ಬುಡ, ಚರ್ಮ, ರಕ್ತನಾಳದಲ್ಲಿಟ್ಟ ಕ್ಯಾಥೆಟರ್ ಇವುಗಳಿಂದ ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾ ಯಕೃತ್ತಿನಲ್ಲಿ ಚದುರಿದಂತೆ ಸಣ್ಣ ಗಡ್ಡೆಗಳನ್ನು ಮಾಡುತ್ತದೆ. ಇಲ್ಲಿ ಸ್ಟ್ಯಾಫೈಲೋಕಾಕಸ್ ಆರಿಯಸ್ ಅಥವಾ ಸ್ಟ್ರೆಪ್ಟೋಕಾಕಸ್ ಬೆಳೆದರೆ ಯಕೃತ್ತಿನಷ್ಟೇ ಶ್ರದ್ಧೆಯಿಂದ ಹೃದಯವನ್ನೂ ಬಾಯಿಯನ್ನೂ ನೋಡಬೇಕು. ಒಡೆದ ಪಿತ್ತಕೋಶದಿಂದ ನೇರವಾಗಿ ಹಬ್ಬುವುದು, ಪೆಟ್ಟು ಬಿದ್ದ ಜಾಗದಲ್ಲಿ ಸೋಂಕು ಸೇರುವುದು, ನುಂಗಿದ ಮೀನಿನ ಮುಳ್ಳು ಜಠರದ ಗೋಡೆ ತೂರಿ ಎಡ ಹಾಲೆಗೆ ಚುಚ್ಚುವುದು ಇವು ವಿರಳ.

ಇದಾವುದೂ ಸಿಗದ ಕೀವುಗಡ್ಡೆಗಳೂ ಬಹಳಷ್ಟಿವೆ. ‘ಕಾರಣ ತಿಳಿಯದ್ದು’ ಎಂದು ಕೇಸ್‌ಶೀಟಿನಲ್ಲಿ ಬರೆದು ಮುಂದೆ ಹೋಗುವುದು ರೂಢಿ. ಆದರೆ ಈ ಗುಂಪಿನೊಳಗೇ ಸ್ಪಷ್ಟವಾದ ಒಂದು ಸ್ವರೂಪವಿದೆ: ಮಧುಮೇಹ, ಪಿತ್ತನಾಳ ಸಹಜ, ಬಲ ಹಾಲೆಯಲ್ಲಿ ಒಂದೇ ಗಡ್ಡೆ, ಕಲ್ಚರ್‌ನಲ್ಲಿ ಕ್ಲೆಬ್ಸಿಯೆಲ್ಲಾ ಒಂದೇ. 1980ರ ದಶಕದಲ್ಲಿ ತೈವಾನಿನ ವೈದ್ಯರು ಇಂಥ ರೋಗಿಗಳಲ್ಲಿ ಕಣ್ಣಿನೊಳಗೆ ಕೀವಾಗುವುದನ್ನು ಗುರುತಿಸಿ ವರದಿ ಮಾಡಿದರು. ಆ ನಂತರ ಪೂರ್ವ ಏಷ್ಯಾದ ಇತರ ದೇಶಗಳಿಂದಲೂ ಬೇರೆ ಖಂಡಗಳಿಂದಲೂ ಇದೇ ಬಗೆಯ ಪ್ರಕರಣಗಳು ವರದಿಯಾದವು. ಇವುಗಳ ಹಿಂದಿರುವ ತಳಿಗಳು ಬಹುಪಾಲು ಕೆ1 ಅಥವಾ ಕೆ2 ಬಗೆಯ ದಪ್ಪ ಹೊದಿಕೆಯುಳ್ಳವು. ಬಿಳಿರಕ್ತಕಣಗಳು ಅವನ್ನು ಸುಲಭವಾಗಿ ನುಂಗಲಾರವು; ಸಕ್ಕರೆ ಹತೋಟಿ ತಪ್ಪಿದವರಲ್ಲಂತೂ ಆ ಶಕ್ತಿ ಇನ್ನೂ ಕುಗ್ಗಿರುತ್ತದೆ. ಯಕೃತ್ತಿನಿಂದ ಕಣ್ಣು, ಮಿದುಳು, ಶ್ವಾಸಕೋಶ, ಪ್ರಾಸ್ಟೇಟ್, ಮೂಳೆಗಳಿಗೆ ಸೋಂಕು ಹಾರುವುದು ಈ ತಳಿಗಳ ಲಕ್ಷಣ.

ನಮ್ಮ ರೋಗಿಯ ಚಿತ್ರ ಈ ಕೊನೆಯ ಗುಂಪಿಗೆ ಹೊಂದುತ್ತಿತ್ತು. ಒಂದೇ ಗಡ್ಡೆ, ಬಲ ಹಾಲೆ ಎಂಬುವು ಅಮೀಬಾದಿಂದಾಗುವ ಗಡ್ಡೆಗೂ ಹೊಂದುತ್ತವೆ. ಹಾಗಾಗಿ ರಕ್ತದಲ್ಲಿ ಅಮೀಬಾ ವಿರುದ್ಧದ ಪ್ರತಿಕಾಯಗಳನ್ನು ಹುಡುಕುವ ಸೀರಮ್ ಪರೀಕ್ಷೆಗೆ ಕಳಿಸಿ, ಅದರ ಫಲಿತಾಂಶ ಬರುವ ತನಕ ಆ ಸಾಧ್ಯತೆಯನ್ನು ಜೀವಂತವಾಗಿಟ್ಟೆವು.

ಮೊದಲ ಚಿಕಿತ್ಸೆ

ರಕ್ತದ ಕಲ್ಚರ್‌ಗೆ ಎರಡು ಕಡೆಯಿಂದ ಮಾದರಿ ತೆಗೆದ ಮೇಲೆ ಪೈಪರಾಸಿಲಿನ್-ಟಾಜೋಬ್ಯಾಕ್ಟಮ್ ಮತ್ತು, ಅಮೀಬಾದ ಸಲುವಾಗಿ, ಮೆಟ್ರೊನಿಡಜೋಲ್ ಆರಂಭವಾದವು. ಸಕ್ಕರೆಯನ್ನು ಇನ್ಸುಲಿನ್ ಡ್ರಿಪ್ ಮೂಲಕ ಹತೋಟಿಗೆ ತರಲಾಯಿತು.

ಗಡ್ಡೆ ಇನ್ನೂ ಗಟ್ಟಿಯಾಗಿದೆ, ಕೆಲವು ದಿನ ಕಾದು ಕರಗಿದ ಮೇಲೆ ಕ್ಯಾಥೆಟರ್ ಹಾಕೋಣ ಎಂಬ ಸಲಹೆ ಬಂತು. ಅದರಲ್ಲಿ ತರ್ಕವಿತ್ತು. ಗಟ್ಟಿ ಗಡ್ಡೆಗೆ ಹಾಕಿದ ನಳಿಕೆಯಿಂದ ಹೆಚ್ಚು ಕೀವು ಬರುವುದಿಲ್ಲ. ಆದರೆ 5 ಸೆಂಟಿಮೀಟರಿಗಿಂತ ದೊಡ್ಡ ಗಡ್ಡೆ, ಕುಸಿಯುತ್ತಿರುವ ರಕ್ತದೊತ್ತಡ ಮತ್ತು ಬೀಳುತ್ತಿರುವ ಪ್ಲೇಟ್‌ಲೆಟ್‌ಗಳ ನಡುವೆ ಕಾಯುವುದರಿಂದ ಸಿಗುವ ಲಾಭ ಚಿಕ್ಕದೆನ್ನಿಸಿತು. ಅದಕ್ಕಿಂತ ಮುಖ್ಯವಾಗಿ, ಯಾವ ಜೀವಿ ಎಂಬುದು ಗೊತ್ತಾಗಬೇಕಿತ್ತು. ಕೀವು ತೆಗೆಯುವುದು ಚಿಕಿತ್ಸೆಯಷ್ಟೇ ತನಿಖೆಯೂ ಹೌದು. ಅದೇ ಸಂಜೆ ಅಲ್ಟ್ರಾಸೌಂಡ್ ನೋಡುತ್ತ 10 ಫ್ರೆಂಚ್ ಅಳತೆಯ (ಸುಮಾರು 3.3 ಮಿಲಿಮೀಟರ್ ದಪ್ಪದ), ತುದಿ ಸುರುಳಿಯಾಗಿರುವ ಪಿಗ್‌ಟೇಲ್ ಕ್ಯಾಥೆಟರ್ ಹಾಕಲಾಯಿತು. ಬಂದದ್ದು 15 ಮಿಲಿಲೀಟರ್ ಮಾತ್ರ: ಕಂದುಗೆಂಪು ಬಣ್ಣದ, ವಾಸನೆಯಿಲ್ಲದ, ಸಿರಿಂಜಿನ ಗೋಡೆಗೆ ಅಂಟಿಕೊಳ್ಳುವಷ್ಟು ಮಂದವಾದ ಕೀವು.

ಅಮೀಬಾದ ಗಡ್ಡೆಯಲ್ಲಿ ಸಿಗುವಂಥ ಈ ಬಣ್ಣ ನೋಡಿ ಅಮೀಬಾ ಎನ್ನುವ ಪ್ರಲೋಭನೆ ಅಲ್ಲಿದ್ದವರೆಲ್ಲರಿಗೂ ಆಯಿತು. ಬಣ್ಣವನ್ನು ನೆಚ್ಚಿಕೊಂಡು ಬ್ಯಾಕ್ಟೀರಿಯಾದ ಔಷಧ ನಿಲ್ಲಿಸುವುದು ಅಪಾಯಕರ, ಏಕೆಂದರೆ ರಕ್ತ ಬೆರೆತ ಯಾವುದೇ ಕೀವು ಹಾಗೆ ಕಾಣಬಹುದು. ಒಂದು ಗಂಟೆಯೊಳಗೆ ಬಂದ ಗ್ರಾಮ್ ಸ್ಟೇನ್ (ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಫಲಿತಾಂಶ ಈ ಚರ್ಚೆಯನ್ನು ಮುಗಿಸಿತು. ದಪ್ಪ ಹೊದಿಕೆಯುಳ್ಳ ಗ್ರಾಮ್ ನೆಗೆಟಿವ್ ದಂಡಾಣುಗಳು, ಒಂದೇ ಬಗೆಯವು, ಅಲ್ಲಿದ್ದವು. ಮಾರನೆಯ ದಿನ ಕೀವಿನಲ್ಲಿಯೂ ರಕ್ತದಲ್ಲಿಯೂ ಕ್ಲೆಬ್ಸಿಯೆಲ್ಲಾ ನ್ಯೂಮೋನಿಯೇ ಬೆಳೆಯಿತು. ಪ್ರಯೋಗಾಲಯದವರು ತಟ್ಟೆಯ ಮೇಲಿನ ಕಾಲೊನಿಯೊಂದಕ್ಕೆ ಲೂಪ್ ಮುಟ್ಟಿಸಿ ಮೇಲಕ್ಕೆತ್ತಿದಾಗ ಲೋಳೆಯ ಎಳೆ ಕಡಿಯದೆ ಎದ್ದು ಬಂತು. ಇದು 5 ಮಿಲಿಮೀಟರಿಗಿಂತ ಉದ್ದವಾದರೆ ಪರೀಕ್ಷೆ ಪಾಸಿಟಿವ್ ಎನ್ನುತ್ತಾರೆ. ಲೋಳೆ ಹೆಚ್ಚಿರುವ ತಳಿಗಳೆಲ್ಲವೂ ಅತಿ ಉಗ್ರವೆಂದು ಹೇಳಲಾಗದು, ಉಗ್ರವಾದವೆಲ್ಲ ಎಳೆ ಬಿಡುತ್ತವೆಯೆಂದೂ ಇಲ್ಲ. ಆದರೂ ಹಾಸಿಗೆಯ ಬಳಿ ಎಚ್ಚರ ಹೆಚ್ಚಿಸಲು ಅದು ಸಾಕು.

ಜೀವಿ ಆಂಪಿಸಿಲಿನ್ ಬಿಟ್ಟು ಪರೀಕ್ಷಿಸಿದ ಎಲ್ಲ ಔಷಧಗಳಿಗೂ ಬಗ್ಗುವಂಥದ್ದಾಗಿತ್ತು. ಆಂಪಿಸಿಲಿನ್ ನಿರೋಧ ಕ್ಲೆಬ್ಸಿಯೆಲ್ಲಾಕ್ಕೆ ಹುಟ್ಟುಗುಣ. ಈ ಹಂತದಲ್ಲಿ ಕೆಲಸ ಮಾಡುತ್ತಿರುವ ಪೈಪರಾಸಿಲಿನ್ ಅನ್ನೇ ಮುಂದುವರಿಸಬಹುದಿತ್ತು. ನಾವು ಸೆಫ್ಟ್ರಿಯಾಕ್ಸೋನ್‌ಗೆ, ಅದೂ 12 ಗಂಟೆಗೊಮ್ಮೆ 2 ಗ್ರಾಂ ಎಂಬ ಪ್ರಮಾಣಕ್ಕೆ ಬದಲಿಸಿದೆವು. ಯಕೃತ್ತಿನ ಮಟ್ಟಿಗೆ ಎರಡೂ ಸಾಕು. ಆದರೆ ಮಿದುಳಿಗೆ ಸೋಂಕು ಹಾರಬಹುದಾದ ಜೀವಿಯಿರುವಾಗ ಅಲ್ಲಿಗೆ ಚೆನ್ನಾಗಿ ತಲುಪುವ ಔಷಧವನ್ನು, ಅದಕ್ಕೆ ಬೇಕಾದ ಪ್ರಮಾಣದಲ್ಲಿ, ಮೊದಲೇ ಕೊಟ್ಟಿರುವುದು ಲೇಸು. ಅಮೀಬಾದ ಸೀರಮ್ ಪರೀಕ್ಷೆ ನೆಗೆಟಿವ್ ಬಂದ ಮೇಲೆ ಮೆಟ್ರೊನಿಡಜೋಲ್ ನಿಂತಿತು.

ಕಣ್ಣು

ಔಷಧ ಬದಲಾದ ಮಾರನೆಯ ಬೆಳಿಗ್ಗೆ ರೋಗಿಯ ಮಗಳು ನರ್ಸ್ ಬಳಿ ಹೇಳಿದ ಮಾತನ್ನು ಕೇಸ್‌ಶೀಟಿನಿಂದ ಇದ್ದಂತೆಯೇ ಎತ್ತಿಕೊಡುತ್ತೇನೆ: “ಸಿಸ್ಟರ್, ಅಪ್ಪನಿಗೆ ಕಣ್ಣ ಮುಂದೆ ಹೊಗೆ ಕಟ್ಟಿದ ಹಾಗಿದೆಯಂತೆ. ಶುಗರ್ ಜಾಸ್ತಿಯಾದಾಗ ಮೊದಲೂ ಹೀಗೆ ಆಗಿತ್ತು.” ಮನೆಯವರೇ ಕಾರಣವನ್ನೂ ಕೊಟ್ಟಿದ್ದರಿಂದ ದೂರು ಅಲ್ಲಿಗೇ ಮುಗಿಯಬಹುದಿತ್ತು. ಸಕ್ಕರೆಯ ಏರಿಳಿತದಿಂದ ದೃಷ್ಟಿ ಮಂಜಾಗುವುದು ನಿಜವೂ ಹೌದು. ಕಣ್ಣಿನ ಮಸೂರದಲ್ಲಿ ನೀರಿನಂಶ ಬದಲಾಗಿ ಹಾಗಾಗುತ್ತದೆ. ಆದರೆ ಅದು ಎರಡೂ ಕಣ್ಣುಗಳಿಗೆ ಒಟ್ಟಿಗೆ ಆಗುವಂಥದ್ದು.

ನರ್ಸ್ ಮಾಡಿದ್ದು ಸರಳವಾದ ಕೆಲಸ. ರೋಗಿಯ ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ ಎದುರಿನ ಗೋಡೆಯ ಗಡಿಯಾರ ಎಷ್ಟು ತೋರಿಸುತ್ತಿದೆ ಎಂದು ಕೇಳಿದರು. ಬಲಗಣ್ಣಿನಲ್ಲಿ ಗಂಟೆ, ನಿಮಿಷ ಎರಡನ್ನೂ ಹೇಳಿದರು. ಎಡಗಣ್ಣಿನಲ್ಲಿ ಗಡಿಯಾರದ ಬಿಳಿ ವೃತ್ತವೂ ಕಾಣಲಿಲ್ಲ. ಹತ್ತಿರದಿಂದ ಟಾರ್ಚ್ ಹಿಡಿದು ನೋಡಿದಾಗ ಬಿಳಿಗುಡ್ಡೆ ಕೆಂಪಾಗಿತ್ತು, ಕಪ್ಪುಗುಡ್ಡೆಯ ಮುಂದಿನ ದ್ರವದಲ್ಲಿ ಕೆಳಭಾಗಕ್ಕೆ ಕೂತ ತೆಳುವಾದ ಬಿಳಿ ಕೀವಿನ ಗೆರೆ ಕಾಣುತ್ತಿತ್ತು. ಕಣ್ಣಿನ ತಜ್ಞರಿಗೆ ಕರೆ ಹೋದದ್ದು ‘ತುರ್ತು’ ಎಂಬ ಗುರುತಿನೊಂದಿಗೆ.

ಅವರು ಬಂದು ನೋಡಿದಾಗ ಎಡಗಣ್ಣಿನಲ್ಲಿ ಎದುರು ಹಿಡಿದ ಬೆರಳುಗಳನ್ನು ಎಣಿಸುವಷ್ಟು ದೃಷ್ಟಿ ಮಾತ್ರ ಉಳಿದಿತ್ತು, ಕಣ್ಣಿನ ಒಳಗಿನ ಲೋಳೆದ್ರವ ಕದಡಿತ್ತು. ರಕ್ತದ ಮೂಲಕ ಬಂದ ಸೋಂಕಿನಿಂದ ಕಣ್ಣಿನೊಳಗೆ ಕೀವಾಗಿದೆ ಎಂಬುದರಲ್ಲಿ ಸಂಶಯವಿರಲಿಲ್ಲ. ನಾಳದ ಮೂಲಕ ಕೊಡುವ ಹೆಚ್ಚಿನ ಔಷಧಗಳು ಕಣ್ಣಿನೊಳಗೆ ಸಾಕಷ್ಟು ಪ್ರಮಾಣದಲ್ಲಿ ತಲುಪುವುದಿಲ್ಲವಾದ್ದರಿಂದ, ಅಂದೇ ಸೆಫ್ಟಾಜಿಡೈಮ್ 2.25 ಮಿಲಿಗ್ರಾಂ ಮತ್ತು ವ್ಯಾಂಕೊಮೈಸಿನ್ 1 ಮಿಲಿಗ್ರಾಂ ಅನ್ನು ನೇರವಾಗಿ ಕಣ್ಣಿನೊಳಗೆ ಚುಚ್ಚಲಾಯಿತು. ಕದಡಿದ ಲೋಳೆದ್ರವವನ್ನು ತೆಗೆಯುವ ಶಸ್ತ್ರಚಿಕಿತ್ಸೆ ಮಾರನೆಯ ದಿನ ನಡೆಯಿತು. ತಿಂಗಳುಗಳ ನಂತರ ಆ ಕಣ್ಣಿನ ದೃಷ್ಟಿ 6/36ಕ್ಕೆ (ಸಹಜ ಕಣ್ಣಿಗೆ 36 ಮೀಟರಿನಿಂದ ಕಾಣುವುದು 6 ಮೀಟರಿನಿಂದ ಮಾತ್ರ ಕಾಣುವಷ್ಟು) ನಿಂತಿತು. ಕ್ಲೆಬ್ಸಿಯೆಲ್ಲಾದಿಂದಾಗುವ ಕಣ್ಣಿನ ಸೋಂಕಿನಲ್ಲಿ ಅನೇಕರು ದೃಷ್ಟಿಯನ್ನೂ, ಕೆಲವರು ಕಣ್ಣನ್ನೇ ಕಳೆದುಕೊಳ್ಳುವುದನ್ನು ನೋಡಿದರೆ ಇದು ತೀರ ಕೆಟ್ಟ ಫಲವಲ್ಲ. ಒಳ್ಳೆಯ ಫಲವೆಂದೂ ಹೇಳಲಾರೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಯಕೃತ್ತಿನ ದೃಷ್ಟಿಯಿಂದ ರೋಗಿ ಆ ಹೊತ್ತಿಗೆ ಸುಧಾರಿಸುತ್ತಿದ್ದರು. ರಕ್ತದೊತ್ತಡ ಏರಿತ್ತು, ಸಕ್ಕರೆ ಇಳಿದಿತ್ತು, ಜೀವಿಗೆ ತಕ್ಕ ಔಷಧ ಸಿಕ್ಕಿತ್ತು. ದೂರಕ್ಕೆ ಹಾರಿದ ಸೋಂಕು ಬಯಲಾಗುವುದು ಹೀಗೆ ಎಲ್ಲವೂ ದಾರಿಗೆ ಬಂದಂತೆ ತೋರುವ ಹೊತ್ತಿನಲ್ಲಿಯೂ ಆಗಬಹುದು.

ಇಳಿಯದ ಜ್ವರ

ದಾಖಲಾದ ಒಂದು ವಾರದ ನಂತರವೂ ಸಂಜೆಯ ಹೊತ್ತು 38 ಡಿಗ್ರಿ ದಾಟುತ್ತಿತ್ತು. ಇನ್ನೂ ಪ್ರಬಲವಾದ ಆ್ಯಂಟಿಬಯಾಟಿಕ್ ಆದ ಮೆರೊಪೆನೆಮ್‌ಗೆ ಹೋಗೋಣವೆಂಬ ಒತ್ತಾಯ ಇಂಥಲ್ಲಿ ಬಂದೇ ಬರುತ್ತದೆ. ಸೂಕ್ತವಾದ ಔಷಧಕ್ಕೆ ಬಗ್ಗುವ ಜೀವಿಯಿದ್ದೂ ಜ್ವರ ಇಳಿಯದಿದ್ದರೆ ಔಷಧವನ್ನು ಶಂಕಿಸುವ ಮೊದಲು ಉಳಿದುಹೋದ ಕೀವನ್ನು ಹುಡುಕಬೇಕು ಎಂಬುದು ನನ್ನ ನಿಲುವು. ಮತ್ತೆ ಸಿಟಿ ಮಾಡಿದಾಗ ಮೊದಲು ಗಟ್ಟಿಯಾಗಿದ್ದ ಭಾಗ ಈಗ ಕರಗಿತ್ತು, ಆದರೆ ಕ್ಯಾಥೆಟರ್ ಇದ್ದ ಕೋಣೆಯ ಆಚೆ, ಗೋಡೆಯಿಂದ ಬೇರ್ಪಟ್ಟ ಇನ್ನೊಂದು ಕೋಣೆಯಲ್ಲಿ ಕೀವು ಹಾಗೇ ನಿಂತಿತ್ತು. ಎದೆಯ ಕೆಳಭಾಗದ ಚಿತ್ರಗಳಲ್ಲಿ, ಶ್ವಾಸಕೋಶದ ಅಂಚಿನುದ್ದಕ್ಕೂ ಕೆಲವು ಸಣ್ಣ ಗಂಟುಗಳು ಕಂಡವು. ಯಕೃತ್ತಿನ ಅಭಿಧಮನಿಯ ಹೆಪ್ಪಿನಿಂದ ಹಾರಿದ ಸೋಂಕು ಅವು ಎಂದು ತೆಗೆದುಕೊಂಡೆವು. ಮಿದುಳಿನ ಎಂಆರ್‌ಐ ಸಹಜವಾಗಿತ್ತು.

ಹಳೆಯ ನಳಿಕೆಯನ್ನು 14 ಫ್ರೆಂಚ್‌ಗೆ ಹಿಗ್ಗಿಸಿ, ಎರಡನೆಯ ಕೋಣೆಗೆ ಬೇರೆ ನಳಿಕೆ ಹಾಕಿದ ಮೇಲೆ ಮೊದಲ ದಿನವೇ 180 ಮಿಲಿಲೀಟರ್ ಕೀವು ಬಂತು. ಎರಡು ದಿನಗಳಲ್ಲಿ ಜ್ವರ ನಿಂತಿತು. ಹೆಪ್ಪಿಗೆ ರಕ್ತ ತೆಳುವಾಗಿಸುವ ಔಷಧ ಕೊಡಬೇಕೇ ಎಂಬುದು ಚರ್ಚೆಯಾಯಿತು. ಪ್ಲೇಟ್‌ಲೆಟ್‌ಗಳು ಕಡಿಮೆಯಿದ್ದು, ಕಣ್ಣಿಗೂ ಯಕೃತ್ತಿಗೂ ಕೈಹಾಕಬೇಕಾದ ಸಂದರ್ಭದಲ್ಲಿ ಅದನ್ನು ಕೊಡದೆ ಗಮನಿಸುತ್ತ ಹೋಗುವುದೆಂದು ನಿರ್ಧರಿಸಿದೆವು. ಸೋಂಕು ಇಳಿದಂತೆ ಹೆಪ್ಪೂ ಕರಗಿತು.

ನಾಳದ ಮೂಲಕ ನಾಲ್ಕು ವಾರ, ಅನಂತರ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ಎರಡು ವಾರ ಕೊಡಲಾಯಿತು. ಕೀವು ದಿನಕ್ಕೆ 10 ಮಿಲಿಲೀಟರಿಗಿಂತ ಕಡಿಮೆಯಾಗಿ, ಸ್ಕ್ಯಾನಿನಲ್ಲಿ ಕೋಣೆಗಳು ಮುಚ್ಚಿದ ಮೇಲೆ ನಳಿಕೆಗಳನ್ನು ತೆಗೆಯಲಾಯಿತು. ಔಷಧ ನಿಲ್ಲಿಸುವಾಗ ಸ್ಕ್ಯಾನಿನಲ್ಲಿ 2 ಸೆಂಟಿಮೀಟರ್ ಗುರುತು ಇನ್ನೂ ಇತ್ತು. ಜ್ವರವಿಲ್ಲದೆ, ರಕ್ತದಲ್ಲಿ ಉರಿಯೂತದ ಸೂಚಕವಾದ ಸಿಆರ್‌ಪಿ ಸಹಜಕ್ಕೆ ಬಂದಿರುವಾಗ ಆ ಗುರುತು ಮಾಯವಾಗುವ ತನಕ ಔಷಧ ಎಳೆಯುವ ಅಗತ್ಯವಿಲ್ಲ. ಅದು ತಿಂಗಳುಗಳ ಕಾಲ ಉಳಿಯಬಹುದು.

ಗುಣವಾದ ಮೇಲಿನ ಪರೀಕ್ಷೆ

ಮನೆಗೆ ಹೋದ ರೋಗಿಗೆ ಕೊಲೊನೊಸ್ಕೋಪಿ (ದೊಡ್ಡ ಕರುಳಿನ ಒಳಭಾಗವನ್ನು ಕ್ಯಾಮೆರಾ ನಳಿಕೆಯಿಂದ ನೋಡುವ ಪರೀಕ್ಷೆ) ಬೇಕೆಂದಾಗ ಸಹಜವಾಗಿಯೇ ವಿರೋಧ ಬಂತು. ಮಲದಲ್ಲಿ ರಕ್ತವಿಲ್ಲ, ಹೊಟ್ಟೆಯಲ್ಲಿ ತೊಂದರೆಯಿಲ್ಲ, ಲಿವರ್‌ನ ರೋಗಕ್ಕೆ ಕರುಳಿನ ಪರೀಕ್ಷೆ ಯಾಕೆ ಎಂದು ಮನೆಯವರು ಕೇಳಿದರು. ಇನ್ನೊಬ್ಬ ಸಹೋದ್ಯೋಗಿಯ ಅಭಿಪ್ರಾಯವೂ ಅದೇ ಆಗಿತ್ತು: ಜೀವಿ ಸಿಕ್ಕಿದೆ, ಮಧುಮೇಹವಿದೆ, ಕಾರಣ ಅಷ್ಟೇ.

ಮಧುಮೇಹ ಮತ್ತು ಉಗ್ರ ತಳಿ ಎರಡೂ ಸೇರಿ ಸೋಂಕು ಇಷ್ಟು ತೀವ್ರವೇಕಾಯಿತು ಎಂಬುದನ್ನು ಹೇಳುತ್ತವೆ. ಕರುಳಿನಲ್ಲಿ ವಾಸಿಸುವ ಜೀವಿ ಅದರ ಗೋಡೆಯನ್ನು ದಾಟಿದ್ದು ಎಲ್ಲಿ ಎಂಬುದನ್ನು ಹೇಳುವುದಿಲ್ಲ. ಕಾರಣ ತಿಳಿಯದ ಯಕೃತ್ತಿನ ಕೀವುಗಡ್ಡೆಯಾದವರಲ್ಲಿ, ವಿಶೇಷವಾಗಿ ಕ್ಲೆಬ್ಸಿಯೆಲ್ಲಾ ಸಿಕ್ಕವರಲ್ಲಿ, ದೊಡ್ಡ ಕರುಳಿನ ಕ್ಯಾನ್ಸರ್ ನಿರೀಕ್ಷೆಗಿಂತ ಹೆಚ್ಚಾಗಿ ಪತ್ತೆಯಾಗುವುದನ್ನು ಪೂರ್ವ ಏಷ್ಯಾದ ಅಧ್ಯಯನಗಳು ತೋರಿಸಿವೆ. ಸಿಟಿ ಸ್ಕ್ಯಾನಿನಲ್ಲಿ ಕರುಳು ಸಹಜವೆಂದು ಬಂದರೂ ಸಣ್ಣ ಬೆಳವಣಿಗೆಗಳು ಅದರಲ್ಲಿ ಕಾಣುವುದಿಲ್ಲ. ಇಷ್ಟನ್ನು ವಿವರಿಸಿದ ಮೇಲೆ ರೋಗಿಯೇ ಒಪ್ಪಿದರು.

ದೊಡ್ಡ ಕರುಳಿನ ಕೊನೆಯ ಕಡೆಗಿರುವ ಸಿಗ್ಮಾಯ್ಡ್ ಭಾಗದಲ್ಲಿ ಸುಮಾರು 3 ಸೆಂಟಿಮೀಟರ್‌ನ, ತೊಟ್ಟಿನ ಮೇಲೆ ಬೆಳೆದ, ಮೇಲ್ಮೈ ಹುಣ್ಣಾದ ಒಂದು ಪಾಲಿಪ್ (ಕರುಳಿನ ಒಳಪದರದಿಂದ ಚಾಚಿದ ಬೆಳವಣಿಗೆ) ಸಿಕ್ಕಿತು. ಅದನ್ನು ಕೊಲೊನೊಸ್ಕೋಪ್ ಮೂಲಕವೇ ಇಡಿಯಾಗಿ ತೆಗೆಯಲಾಯಿತು. ವರದಿಯಲ್ಲಿ ಕ್ಯಾನ್ಸರಿನ ಹೊಸ್ತಿಲಲ್ಲಿರುವ ತೀವ್ರ ಮಟ್ಟದ ಜೀವಕೋಶ ಬದಲಾವಣೆಗಳಿದ್ದವು, ತೊಟ್ಟಿನ ಬುಡ ಸ್ವಚ್ಛವಾಗಿತ್ತು. ಈ ಪಾಲಿಪ್‌ನ ಮೂಲಕವೇ ಬ್ಯಾಕ್ಟೀರಿಯಾ ಒಳಹೊಕ್ಕಿತು ಎಂದು ಸಾಧಿಸಲು ಬರುವುದಿಲ್ಲ. ಈ ವಯಸ್ಸಿನಲ್ಲಿ ಪಾಲಿಪ್‌ಗಳು ಅಪರೂಪವಲ್ಲ, ಇದು ಕಾಕತಾಳೀಯವೂ ಆಗಿರಬಹುದು. ಹಾಗಿದ್ದರೂ ಪರೀಕ್ಷೆಯ ಪ್ರಯೋಜನ ರೋಗಿಗೆ ದಕ್ಕಿತು.

ನಿರ್ಧಾರಗಳ ಕುರಿತು

ಹಿಂತಿರುಗಿ ನೋಡಿದಾಗ ಈ ಪ್ರಕರಣದ ಗತಿ ತಿರುಗಿದ ಸ್ಥಳಗಳಲ್ಲಿ ಬಹುಪಾಲು, ಕೀವು ಎಲ್ಲಿಂದ ಬಂತು ಮತ್ತು ಎಲ್ಲಿಗೆ ಹೋಗಬಹುದು ಎಂಬ ಯೋಚನೆಯಿಂದ ಹುಟ್ಟಿದವು. ಬಯಾಪ್ಸಿ ತಡೆದದ್ದು, ಔಷಧವನ್ನು ಬದಲಿಸಿದ್ದು, ಮಂಜಾದ ದೃಷ್ಟಿಗೆ ಸಕ್ಕರೆಯನ್ನು ದೂರದೆ ಇದ್ದದ್ದು, ಗುಣವಾದ ಮೇಲೆ ಕರುಳನ್ನು ನೋಡಿದ್ದು ಇವಕ್ಕೆ ಗಡ್ಡೆಯ ಗಾತ್ರವಾಗಲಿ ಜ್ವರದ ಅಂಕಿಯಾಗಲಿ ದಿಕ್ಕು ತೋರಿಸಲಿಲ್ಲ. ಇದೇ 7 ಸೆಂಟಿಮೀಟರ್ ಗಡ್ಡೆ ಕಾಮಾಲೆಯೊಂದಿಗೆ, ಹಿಗ್ಗಿದ ಪಿತ್ತನಾಳದೊಂದಿಗೆ ಬಂದಿದ್ದರೆ ನಮ್ಮ ಮೊದಲ ಕರೆ ಎಂಡೋಸ್ಕೋಪಿ ತಜ್ಞರಿಗೆ ಹೋಗುತ್ತಿತ್ತು. ಹಲ್ಲಿನ ಕೀವು ಮತ್ತು ಚದುರಿದ ಸಣ್ಣ ಗಡ್ಡೆಗಳೊಂದಿಗೆ ಬಂದಿದ್ದರೆ ಹೃದಯದ ಎಕೊ ಮೊದಲು ಆಗುತ್ತಿತ್ತು.

ಒಂದು ವಿಷಯದಲ್ಲಿ ಇಂದಿಗೂ ಒಮ್ಮತವಿಲ್ಲ. ಕ್ಲೆಬ್ಸಿಯೆಲ್ಲಾ ಕೀವುಗಡ್ಡೆಯಾದ ಪ್ರತಿಯೊಬ್ಬರಿಗೂ, ಕಣ್ಣಿನ ದೂರಿಲ್ಲದಿದ್ದರೂ, ಪಾಪೆ ಹಿಗ್ಗಿಸಿ ಕಣ್ಣಿನ ಪರೀಕ್ಷೆ ಮಾಡಿಸಬೇಕೇ? ಲಕ್ಷಣಗಳಿಲ್ಲದವರಲ್ಲಿ ಸಿಗುವುದು ಕಡಿಮೆ, ತಜ್ಞರ ಸಮಯ ವ್ಯರ್ಥ ಎನ್ನುವವರಿದ್ದಾರೆ. ತೀವ್ರ ಜ್ವರದಲ್ಲಿರುವ, ಮಂಕಾದ, ವೆಂಟಿಲೇಟರ್‌ನಲ್ಲಿರುವ ರೋಗಿ ದೂರು ಹೇಳುವ ಸ್ಥಿತಿಯಲ್ಲಿರುವುದಿಲ್ಲ ಎಂಬ ಕಾರಣಕ್ಕೆ, ಮಧುಮೇಹವಿದ್ದು ರಕ್ತದಲ್ಲಿಯೂ ಜೀವಿ ಬೆಳೆದವರಿಗೆ ಪರೀಕ್ಷೆ ಬೇಕೆಂಬ ಪಕ್ಷದಲ್ಲಿ ನಾನಿದ್ದೇನೆ. ಉಳಿದವರಿಗೆ ಕನಿಷ್ಠ ದಿನಕ್ಕೊಮ್ಮೆ ಒಂದೊಂದೇ ಕಣ್ಣು ಮುಚ್ಚಿಸಿ ದೃಷ್ಟಿ ಕೇಳುವುದನ್ನು ನಮ್ಮ ವಾರ್ಡಿನ ನರ್ಸ್‌ಗಳು ಈಗ ನಾಡಿ, ಜ್ವರ ನೋಡುವ ಹೊತ್ತಿನಲ್ಲೇ ಮಾಡಿ ಅದೇ ಚಾರ್ಟಿನಲ್ಲಿ ಬರೆಯುತ್ತಾರೆ.

ಆರು ತಿಂಗಳ ನಂತರದ ಭೇಟಿಯಲ್ಲಿ ಯಕೃತ್ತಿನಲ್ಲಿ ಸಣ್ಣ ಕಲೆ ಮಾತ್ರ ಉಳಿದಿತ್ತು, ಶ್ವಾಸಕೋಶದ ಗಂಟುಗಳು ಕಾಣುತ್ತಿರಲಿಲ್ಲ, ಎಚ್‌ಬಿಎ1ಸಿ 7.2ಕ್ಕೆ ಇಳಿದಿತ್ತು. ಮುಂದಿನ ಕೊಲೊನೊಸ್ಕೋಪಿಯನ್ನು ಮೂರು ವರ್ಷಗಳ ನಂತರಕ್ಕೆ ನಿಗದಿಪಡಿಸಲಾಗಿದೆ.